ಐದು ವರ್ಷಕ್ಕೆ ಸಾಲುವಷ್ಟು ಜಾಗ ಇದೆಯಾ? – ಇಂಗ್ಲೆಂಡಿನ ಒಂದು ಭಾಗಾಕಾರದ ಕತೆ

ಕಳೆದ ಸೆಮಿಸ್ಟರ್‌ನಲ್ಲಿ ಅರ್ಬನ್ ಪ್ಲಾನಿಂಗ್ ಎಲೆಕ್ಟಿವ್ ತಗೊಂಡಿದ್ದೆ. ಸ್ಕೋರಿಂಗ್ ಸಬ್ಜೆಕ್ಟು ಅಂತ ಸೀನಿಯರ್ಸ್ ಹೇಳಿದ್ದರು, ಬೇರೆ ಕಾರಣ ಏನೂ ಇಲ್ಲ. ಸೆಮಿನಾರ್ ಟಾಪಿಕ್‌ಗಳನ್ನು ರೋಲ್ ನಂಬರ್ ಪ್ರಕಾರ ಹಂಚಿದಾಗ ಮೆಟ್ರೋ, ಸ್ಮಾರ್ಟ್ ಸಿಟಿ, ಮಳೆನೀರು ಕೊಯ್ಲು ಎಲ್ಲಾ ಮುಂದಿನವರ ಪಾಲಾದವು. ನನ್ನ ಪಾಲಿಗೆ ಉಳಿದದ್ದು 'ಇಂಗ್ಲೆಂಡಿನ ಸ್ಥಳೀಯ ಯೋಜನಾ ಪ್ರಾಧಿಕಾರಗಳು ವಸತಿ ಭೂಮಿಯ ಪೂರೈಕೆಯನ್ನು ಲೆಕ್ಕ ಹಾಕುವ ವಿಧಾನ'. ಕ್ಲಾಸಿನಲ್ಲಿ ಒಂದಿಬ್ಬರು ನಕ್ಕರು. ನಾನೂ ನಕ್ಕೆ, ಅಳೋದಕ್ಕಿಂತ ವಾಸಿ ಅಂತ.

ಓದ್ತಾ ಹೋದ ಹಾಗೆ ಗೊತ್ತಾಯ್ತು, ಇದು ಮೂಲದಲ್ಲಿ ಒಂದೇ ಒಂದು ಭಾಗಾಕಾರ. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಉತ್ತರ 5 ದಾಟಿದರೆ ಊರಿನ ಅಂಚಿನ ಗದ್ದೆ ಗದ್ದೆಯಾಗೇ ಉಳಿಯುವ ಸಾಧ್ಯತೆ ಹೆಚ್ಚು. 4.9 ಬಂದರೆ ಅದೇ ಗದ್ದೆಯಲ್ಲಿ ಇನ್ನೂರು ಮನೆ ಏಳಬಹುದು. ಆ ಮೇಲಿನ ಮತ್ತು ಕೆಳಗಿನ ಸಂಖ್ಯೆ ಎಷ್ಟು ಅನ್ನೋದರ ಬಗ್ಗೆ ವಕೀಲರು ದಿನಗಟ್ಟಲೆ ವಾದ ಮಾಡ್ತಾರೆ, ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆರನೇ ಕ್ಲಾಸಿನ ಗಣಿತಕ್ಕೆ ಇಷ್ಟು ಬೆಲೆ ಬೇರೆಲ್ಲೂ ನೋಡಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನಲ್ಲಿ ಜಮೀನು ನಿಮ್ಮದೇ ಆದರೂ ಅದರ ಮೇಲೆ ಮನೆ ಕಟ್ಟುವ ಹಕ್ಕು ತಾನಾಗಿ ಬರೋದಿಲ್ಲ. 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ಆ ಹಕ್ಕನ್ನು ಸರ್ಕಾರದ ಕೈಗೆ ತಂದಿತು. ಅಲ್ಲಿಂದ ಮುಂದೆ ಏನೇ ಕಟ್ಟಬೇಕಾದರೂ ಪ್ಲಾನಿಂಗ್ ಪರ್ಮಿಷನ್ ಬೇಕು. ಅದನ್ನು ಕೊಡೋದು ಸ್ಥಳೀಯ ಯೋಜನಾ ಪ್ರಾಧಿಕಾರ. ಹೆಸರು ಭಾರಿ ಇದೆ, ಆದರೆ ಹೆಚ್ಚಿನ ಕಡೆ ಅದು ಅಲ್ಲಿನ ಡಿಸ್ಟ್ರಿಕ್ಟ್ ಅಥವಾ ಸಿಟಿ ಕೌನ್ಸಿಲ್ಲೇ. ಇಂಥವು ಇಂಗ್ಲೆಂಡಿನಲ್ಲಿ ಮುನ್ನೂರಕ್ಕೂ ಹೆಚ್ಚಿವೆ. ಪ್ರತಿಯೊಂದೂ ಹದಿನೈದಿಪ್ಪತ್ತು ವರ್ಷಕ್ಕೆ ಒಂದು ಲೋಕಲ್ ಪ್ಲಾನ್ ಮಾಡಿ, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಏನೂ ಬೇಡ ಅಂತ ಗುರುತು ಹಾಕಬೇಕು.

ತೊಂದರೆ ಏನಂದ್ರೆ ಪ್ಲಾನಿನಲ್ಲಿ ಬಣ್ಣ ಬಳಿದ ತಕ್ಷಣ ಮನೆ ಏಳಲ್ಲ. 'ನಮ್ಮಲ್ಲಿ ಹತ್ತು ಸಾವಿರ ಮನೆಗೆ ಜಾಗ ಇದೆ' ಅಂತ ಕೌನ್ಸಿಲ್ ಹೇಳುತ್ತೆ, ಆ ಜಾಗದಲ್ಲಿ ಇನ್ನೂ ಗೋಡೌನ್ ನಡೀತಿರುತ್ತೆ, ಮಾಲೀಕನಿಗೆ ಮಾರೋ ಮನಸ್ಸೇ ಇರಲ್ಲ. ಅದಕ್ಕೆ 2006ರಲ್ಲಿ ಬಂದ ಸರ್ಕಾರಿ ನೀತಿ ಒಂದು ಷರತ್ತು ಹಾಕಿತು: ಮುಂದಿನ ಐದು ವರ್ಷಕ್ಕೆ ಬೇಕಾದಷ್ಟು ಮನೆಗಳಿಗೆ ನಿಜವಾಗಿ ಕಟ್ಟಬಲ್ಲ ಜಾಗ ಇದೆ ಅಂತ ಪ್ರತಿ ಕೌನ್ಸಿಲ್ ತೋರಿಸಬೇಕು. 2012ರಲ್ಲಿ ನ್ಯಾಷನಲ್ ಪ್ಲಾನಿಂಗ್ ಪಾಲಿಸಿ ಫ್ರೇಮ್‌ವರ್ಕ್ ಬಂದಾಗ ಈ ಷರತ್ತಿಗೆ ಹಲ್ಲು ಬಂತು. ಆ ಹಲ್ಲಿನ ಕತೆ ಕೊನೆಗೆ ಹೇಳ್ತೀನಿ, ಮೊದಲು ಲೆಕ್ಕ.

ಕೆಳಗಿನ ಸಂಖ್ಯೆಯಿಂದ ಶುರು ಮಾಡೋಣ, ಅಂದ್ರೆ ವರ್ಷಕ್ಕೆ ಎಷ್ಟು ಮನೆ ಬೇಕು ಅನ್ನೋದು. ಲೋಕಲ್ ಪ್ಲಾನ್ ಅಂಗೀಕಾರವಾಗಿ ಐದು ವರ್ಷ ಆಗಿಲ್ಲದಿದ್ದರೆ ಆ ಪ್ಲಾನಿನಲ್ಲಿರೋ ಸಂಖ್ಯೆಯನ್ನೇ ತಗೋಬೇಕು. ಹಳೆಯದಾಗಿದ್ದು, ಪರಿಶೀಲಿಸಿ ಈಗಲೂ ಸರಿಯಿದೆ ಅಂತ ತೋರಿಸಿಲ್ಲದಿದ್ದರೆ ಸರ್ಕಾರ ಕೊಟ್ಟ ಸೂತ್ರ, ಅದಕ್ಕೆ ಸ್ಟ್ಯಾಂಡರ್ಡ್ ಮೆಥಡ್ ಅಂತ ಹೆಸರು. ಡಿಸೆಂಬರ್ 2024ರಿಂದ ಚಾಲ್ತಿಯಲ್ಲಿರೋ ಸೂತ್ರ ಹೀಗಿದೆ. ಆ ಪ್ರದೇಶದಲ್ಲಿ ಈಗಿರುವ ಒಟ್ಟು ಮನೆಗಳ ಶೇಕಡಾ 0.8 ತಗೊಳ್ಳಿ. ಆಮೇಲೆ ಅಲ್ಲಿನ ಮನೆ ಬೆಲೆ ಅಲ್ಲಿ ದುಡಿಯುವವರ ವಾರ್ಷಿಕ ಸಂಬಳದ ಎಷ್ಟು ಪಟ್ಟು ಇದೆ ನೋಡಿ. ಎರಡರದೂ ಮೀಡಿಯನ್, ಐದು ವರ್ಷದ ಸರಾಸರಿ. ಆ ಅನುಪಾತದಿಂದ 5 ಕಳೆದು, 5ರಿಂದ ಭಾಗಿಸಿ, 0.95ರಿಂದ ಗುಣಿಸಿ, 1 ಕೂಡಿಸಿ. ಬಂದ ಗುಣಕವನ್ನು ಮೊದಲಿನ ಸಂಖ್ಯೆಗೆ ಹಚ್ಚಿ. ಅನುಪಾತ 5 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಗುಣಕ ಇಲ್ಲ.

ಒಂದು ಕಾಲ್ಪನಿಕ ಊರು ಇಟ್ಟುಕೊಳ್ಳೋಣ. 60,000 ಮನೆ ಇವೆ, ಬೆಲೆ ಸಂಬಳದ 9 ಪಟ್ಟು. 60,000ಕ್ಕೆ ಶೇಕಡಾ 0.8 ಅಂದ್ರೆ 480. 9ರಿಂದ 5 ಕಳೆದರೆ 4, ಐದರಿಂದ ಭಾಗಿಸಿದರೆ 0.8, 0.95ರಿಂದ ಗುಣಿಸಿದರೆ 0.76, ಒಂದು ಕೂಡಿಸಿದರೆ 1.76. 480 ಇಂಟು 1.76, ಹತ್ತಿರ ಹತ್ತಿರ 845. ವರ್ಷಕ್ಕೆ 845 ಮನೆ. ಮನೆ ದುಬಾರಿಯಾದಷ್ಟೂ ಟಾರ್ಗೆಟ್ ಏರುತ್ತೆ. ಬೆಲೆ ಜಾಸ್ತಿ ಇದೆ ಅಂದ್ರೆ ಅಲ್ಲಿ ಮನೆ ಸಾಲ್ತಿಲ್ಲ ಅಂತ ಅರ್ಥ, ಹಾಗಾಗಿ ಅಲ್ಲೇ ಜಾಸ್ತಿ ಕಟ್ಟಿ ಅನ್ನೋ ತರ್ಕ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಫೀಡ್‌ಬ್ಯಾಕ್ ಲೂಪ್ ಕಂಡಿರುತ್ತೆ. ಲೂಪು ಎಷ್ಟು ನಿಧಾನ ಅನ್ನೋದು ಬೇರೆ ಮಾತು.

ಇದಕ್ಕಿಂತ ಹಿಂದಿನ ಸೂತ್ರದ ಕತೆ ಇನ್ನೂ ಮಜವಾಗಿದೆ. 2018ರಲ್ಲಿ ಬಂದ ಮೊದಲ ಸ್ಟ್ಯಾಂಡರ್ಡ್ ಮೆಥಡ್ ಈಗಿರುವ ಮನೆಗಳ ಮೇಲೆ ನಿಂತಿರಲಿಲ್ಲ, ಮುಂದೆ ಎಷ್ಟು ಕುಟುಂಬ ಹೆಚ್ಚುತ್ತೆ ಅನ್ನೋ ಅಂದಾಜಿನ ಮೇಲೆ ನಿಂತಿತ್ತು. ಸೂತ್ರ ಬಂದ ಸ್ವಲ್ಪ ದಿನಕ್ಕೇ ಹೊಸ ಅಂದಾಜು ಬಂತು, 2016ರ ದತ್ತಾಂಶದ ಮೇಲೆ. ಅದರ ಪ್ರಕಾರ ಕುಟುಂಬಗಳ ಏರಿಕೆ ಕಮ್ಮಿ. ಹಾಗಾದರೆ ಒಟ್ಟು ಟಾರ್ಗೆಟ್ ಇಳಿಯುತ್ತೆ, ಸರ್ಕಾರ ಹೇಳಿಕೊಂಡಿದ್ದ ವರ್ಷಕ್ಕೆ ಮೂರು ಲಕ್ಷ ಮನೆ ಅನ್ನೋ ಗುರಿ ತಪ್ಪುತ್ತೆ. ಸರ್ಕಾರ ಏನು ಮಾಡ್ತು? ಹೊಸದು ಬೇಡ, ಹಳೆಯ 2014ರ ಅಂದಾಜನ್ನೇ ಬಳಸಿ ಅಂತು. ಲ್ಯಾಬ್ ರೆಕಾರ್ಡಿನಲ್ಲಿ ರಿಸಲ್ಟ್ ಮೊದಲು ಬರೆದು, ರೀಡಿಂಗ್ ಆಮೇಲೆ ತುಂಬೋದು ನಾವು ಮಾತ್ರ ಅಂದ್ಕೊಂಡಿದ್ದೆ. 2020ರ ಕೊನೆಗೆ ಇಂಗ್ಲೆಂಡಿನ ಅತಿ ದೊಡ್ಡ ಇಪ್ಪತ್ತು ನಗರಗಳಿಗೆ ಮೇಲಿಂದ ಶೇಕಡಾ 35 ಸೇರಿಸಿದ್ದೂ ಇದೇ ಜಾತಿಯ ಕೆಲಸ. 2024ರಲ್ಲಿ ಈ ಎರಡನ್ನೂ ಕಿತ್ತುಹಾಕಿದರು. ಈಗಿನ ಸೂತ್ರದಲ್ಲಿ ದೇಶದ ಒಟ್ಟು ಮೊತ್ತ ವರ್ಷಕ್ಕೆ ಸುಮಾರು 3,70,000 ಮನೆ.

ಸರಿ, ನಮ್ಮೂರಿಗೆ ವಾಪಸ್ ಬರೋಣ. ವರ್ಷಕ್ಕೆ 845, ಐದು ವರ್ಷಕ್ಕೆ 4,225. ಇದರ ಮೇಲೆ ಬಫರ್ ಅಂತ ಒಂದು ಸೇರುತ್ತೆ. ಸಾಮಾನ್ಯವಾಗಿ ಶೇಕಡಾ 5. ಒಂದೆರಡು ಸೈಟು ಕೈಕೊಟ್ಟರೂ ಕೊರತೆ ಬೀಳದಿರಲಿ, ಬಿಲ್ಡರ್‌ಗಳಿಗೆ ಆಯ್ಕೆ ಇರಲಿ ಅಂತ. 4,225ಕ್ಕೆ ಶೇಕಡಾ 5 ಸೇರಿಸಿದರೆ 4,436, ವರ್ಷಕ್ಕೆ 887 ಚಿಲ್ಲರೆ.

ಆದರೆ ಕೌನ್ಸಿಲ್‌ನ ಹಿಂದಿನ ದಾಖಲೆ ಕೆಟ್ಟದಿದ್ದರೆ ಬಫರ್ ಶೇಕಡಾ 20 ಆಗುತ್ತೆ. ಕೆಟ್ಟದ್ದು ಅಂತ ತೀರ್ಮಾನಿಸೋಕೆ ಹೌಸಿಂಗ್ ಡೆಲಿವರಿ ಟೆಸ್ಟ್ ಇದೆ, 2018ರಿಂದ. ಕಳೆದ ಮೂರು ವರ್ಷದಲ್ಲಿ ಎಷ್ಟು ಮನೆ ಬೇಕಿತ್ತು, ನಿಜವಾಗಿ ಎಷ್ಟು ಎದ್ದವು, ಶೇಕಡಾವಾರು ಎಷ್ಟು. 95ಕ್ಕಿಂತ ಕಮ್ಮಿಯಾದರೆ ಯಾಕೆ ಹೀಗಾಯ್ತು, ಮುಂದೇನು ಮಾಡ್ತೀರಿ ಅಂತ ಆಕ್ಷನ್ ಪ್ಲಾನ್ ಬರೆದುಕೊಡಬೇಕು. 85ಕ್ಕಿಂತ ಕಮ್ಮಿಯಾದರೆ ಶೇಕಡಾ 20 ಬಫರ್. 75ಕ್ಕಿಂತ ಕಮ್ಮಿಯಾದರೆ ಭೂಮಿ ಲೆಕ್ಕ ಏನೇ ಇರಲಿ, ನೇರವಾಗಿ ಶಿಕ್ಷೆ. 85, 75... ಈ ಸಂಖ್ಯೆಗಳನ್ನು ಎಲ್ಲೋ ನೋಡಿದ ಹಾಗಿದೆಯಲ್ವಾ? ಸೆಮಿನಾರಿನಲ್ಲಿ ಈ ಸ್ಲೈಡ್ ಬಂದಾಗ ಇಡೀ ಕ್ಲಾಸು ಅಟೆಂಡೆನ್ಸ್ ಅಂತ ಕೂಗಿತು. ವ್ಯತ್ಯಾಸ ಇಷ್ಟೇ: ನಮ್ಮ ಅಟೆಂಡೆನ್ಸ್ ಕಮ್ಮಿಯಾದರೆ ಕ್ಲಾಸಿಗೆ ಹೋಗದವರು ನಾವೇ. ಅಲ್ಲಿ ಮನೆ ಕಟ್ಟಬೇಕಾದವರು ಬಿಲ್ಡರ್‌ಗಳು, ಶಾರ್ಟೇಜ್ ಬೀಳೋದು ಕೌನ್ಸಿಲ್‌ಗೆ.

ಪ್ಲಾನಿನ ಸಂಖ್ಯೆ ಬಳಸುವ ಊರುಗಳಲ್ಲಿ ಇನ್ನೊಂದು ಗಂಟು ಇದೆ: ಹಳೆ ಬಾಕಿ. ಪ್ಲಾನ್ ಶುರುವಾದಾಗಿನಿಂದ ಕಟ್ಟದೇ ಉಳಿದ ಮನೆಗಳನ್ನು ಯಾವಾಗ ತೀರಿಸೋದು? ಇದಕ್ಕೆ ಎರಡು ವಿಧಾನ, ಎರಡಕ್ಕೂ ಊರಿನ ಹೆಸರು. ಸೆಜ್‌ಫೀಲ್ಡ್ ವಿಧಾನದಲ್ಲಿ ಬಾಕಿಯನ್ನೆಲ್ಲ ಮುಂದಿನ ಐದು ವರ್ಷದಲ್ಲೇ ತೀರಿಸಬೇಕು. ಲಿವರ್‌ಪೂಲ್ ವಿಧಾನದಲ್ಲಿ ಪ್ಲಾನಿನ ಉಳಿದ ಅವಧಿಗೆಲ್ಲ ಹರಡಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನಾಲ್ಕು ಬ್ಯಾಕ್‌ಲಾಗ್ ಇದ್ದರೆ ಎಲ್ಲಾ ಮುಂದಿನ ಸೆಮ್‌ನಲ್ಲೇ ಬರೀತೀರಾ, ಇಲ್ಲಾ ಫೈನಲ್ ಇಯರ್‌ವರೆಗೂ ಒಂದೊಂದೇ ಎಳೀತೀರಾ?

ಇದು ಬರೀ ಶೈಲಿಯ ಪ್ರಶ್ನೆ ಅಲ್ಲ. ಇಪ್ಪತ್ತು ವರ್ಷದ ಪ್ಲಾನ್, ವರ್ಷಕ್ಕೆ 700 ಮನೆ, ಮೊದಲ ನಾಲ್ಕು ವರ್ಷ ಐನೂರೈನೂರೇ ಎದ್ದಿವೆ ಅಂದುಕೊಳ್ಳಿ. ಬಾಕಿ 800. ಸೆಜ್‌ಫೀಲ್ಡ್ ಪ್ರಕಾರ 3,500ಕ್ಕೆ 800 ಸೇರಿಸಿ 4,300, ಬಫರ್ ಸೇರಿ 4,515. ಲಿವರ್‌ಪೂಲ್ ಪ್ರಕಾರ 800ನ್ನು ಉಳಿದ 16 ವರ್ಷಕ್ಕೆ ಹರಡಿದರೆ ವರ್ಷಕ್ಕೆ 50, ಐದು ವರ್ಷಕ್ಕೆ 250. ಒಟ್ಟು 3,750, ಬಫರ್ ಸೇರಿ 3,938. ಕೌನ್ಸಿಲ್ ಹತ್ತಿರ 4,200 ಮನೆಗೆ ಜಾಗ ಇದ್ದರೆ ಮೊದಲ ವಿಧಾನದಲ್ಲಿ 4.65 ವರ್ಷ, ಫೇಲ್. ಎರಡನೆಯದರಲ್ಲಿ 5.33 ವರ್ಷ, ಪಾಸ್. ಜಾಗ ಅದೇ, ಊರು ಅದೇ. ಸರ್ಕಾರದ ಮಾರ್ಗದರ್ಶಿ ಹೇಳೋದು ಸೆಜ್‌ಫೀಲ್ಡ್ ಬಳಸಿ ಅಂತ. ಲಿವರ್‌ಪೂಲ್ ಬೇಕಿದ್ದರೆ ಪ್ಲಾನ್ ಮಾಡುವಾಗಲೇ ಕಾರಣ ಕೊಟ್ಟು ಒಪ್ಪಿಸಿಕೊಳ್ಳಬೇಕು. ಸ್ಟ್ಯಾಂಡರ್ಡ್ ಮೆಥಡ್ ಬಳಸುವ ಊರಿಗೆ ಈ ತಲೆನೋವಿಲ್ಲ. ಹಿಂದೆ ಕಮ್ಮಿ ಕಟ್ಟಿದ್ದರ ಪರಿಣಾಮ ಬೆಲೆಯಲ್ಲಿ ಆಗಲೇ ಕಾಣಿಸಿಕೊಂಡಿದೆ, ಎರಡು ಸಲ ಲೆಕ್ಕ ಹಾಕಬೇಡಿ ಅಂತ.

ಈಗ ಮೇಲಿನ ಸಂಖ್ಯೆ, ಅಂದ್ರೆ ಪೂರೈಕೆ. ನಿಜವಾದ ಜಗಳ ಇರೋದೇ ಇಲ್ಲಿ.

ನಮ್ಮ ಬಾಯಲ್ಲಿ ಸೈಟು ಅಂದ್ರೆ ತರ್ಟಿ ಫಾರ್ಟಿ. ಅವರ ಬಾಯಲ್ಲಿ ಸೈಟು ಅಂದ್ರೆ ಹಳೆ ಗ್ಯಾರೇಜ್ ಒಡೆದು ಎರಡು ಮನೆ ಕಟ್ಟೋ ಜಾಗವೂ ಆಗಬಹುದು, ಹತ್ತು ಸಾವಿರ ಮನೆಯ ಹೊಸ ಪಟ್ಟಣವೂ ಆಗಬಹುದು. ಪ್ರತಿ ವರ್ಷ ಏಪ್ರಿಲ್ 1ನ್ನು ಲೆಕ್ಕದ ದಿನ ಮಾಡಿಕೊಂಡು ಕೌನ್ಸಿಲ್‌ನವರು ಇಂಥ ಎಲ್ಲಾ ಸೈಟುಗಳ ಪಟ್ಟಿ ಮಾಡಿ, ಯಾವುದರಲ್ಲಿ ಯಾವ ವರ್ಷ ಎಷ್ಟು ಮನೆ ಮುಗಿಯುತ್ತೆ ಅಂತ ಒಂದು ದೊಡ್ಡ ಸ್ಪ್ರೆಡ್‌ಶೀಟ್ ತುಂಬ್ತಾರೆ. ಆ ಪಟ್ಟಿಗೆ ಸೇರಬೇಕಾದರೆ ಸೈಟು 'ಡೆಲಿವರಬಲ್' ಆಗಿರಬೇಕು. ಈಗ ಸಿಗುವಂತಿರಬೇಕು, ಜಾಗ ಸೂಕ್ತವಾಗಿರಬೇಕು, ಐದು ವರ್ಷದೊಳಗೆ ಅಲ್ಲಿ ಮನೆ ಎದ್ದೇಳುವ ವಾಸ್ತವ ಸಾಧ್ಯತೆ ಇರಬೇಕು.

'ವಾಸ್ತವ ಸಾಧ್ಯತೆ' ಅಂದ್ರೆ ಏನು? ಈ ಎರಡು ಪದಕ್ಕೆ ಎಷ್ಟು ಫೀಸು ಕೊಟ್ಟಿದ್ದಾರೋ. 2017ರಲ್ಲಿ ಸೇಂಟ್ ಮಾಡ್ವೆನ್ ಅನ್ನೋ ಡೆವಲಪರ್ ಕಂಪನಿಯ ಕೇಸಿನಲ್ಲಿ ಅಲ್ಲಿನ ಕೋರ್ಟ್ ಆಫ್ ಅಪೀಲ್ ಒಂದು ವ್ಯತ್ಯಾಸ ಹೇಳಿತು: ಮನೆ ಕಟ್ಟಬಲ್ಲ ಜಾಗ ಅನ್ನೋದೂ ಮನೆ ಖಂಡಿತ ಎದ್ದೇಳುತ್ತೆ ಅನ್ನೋದೂ ಬೇರೆ ಬೇರೆ, ಕೌನ್ಸಿಲ್ ತೋರಿಸಬೇಕಾದ್ದು ಮೊದಲನೆಯದನ್ನು ಅಂತ. ಮರುವರ್ಷವೇ ಸರ್ಕಾರ ವ್ಯಾಖ್ಯಾನವನ್ನು ಬಿಗಿ ಮಾಡಿತು. ಈಗ ಸೈಟುಗಳಲ್ಲಿ ಎರಡು ಜಾತಿ. ಪೂರ್ತಿ ವಿವರದ ಪರ್ಮಿಷನ್ ಸಿಕ್ಕಿರೋ ಸೈಟು, ಮತ್ತೆ ಹತ್ತು ಮನೆಗಿಂತ ಚಿಕ್ಕ ಸೈಟಿಗೆ ಯಾವುದೇ ಪರ್ಮಿಷನ್ ಇದ್ದರೂ, ಡೆಲಿವರಬಲ್ ಅಂತಲೇ ಲೆಕ್ಕ; ಅಲ್ಲ ಅನ್ನೋರು ಪುರಾವೆ ತರಬೇಕು. ಆದರೆ ದೊಡ್ಡ ಸೈಟಿಗೆ ಬರೀ ಔಟ್‌ಲೈನ್ ಪರ್ಮಿಷನ್ ಇದ್ದರೆ, ಅಥವಾ ಪ್ಲಾನಿನಲ್ಲಿ ಗುರುತು ಮಾತ್ರ ಹಾಕಿದ್ದರೆ, ಐದು ವರ್ಷದಲ್ಲಿ ಮನೆಗಳು ಮುಗಿಯೋಕೆ ಶುರುವಾಗುತ್ತೆ ಅನ್ನೋದಕ್ಕೆ ಕೌನ್ಸಿಲ್ಲೇ ಸ್ಪಷ್ಟ ಸಾಕ್ಷಿ ಕೊಡಬೇಕು. ಒಂದು ಕಡೆ ನಿರಪರಾಧಿ ಅನ್ನೋ ನಂಬಿಕೆ, ಇನ್ನೊಂದು ಕಡೆ ಅಪರಾಧಿ ಅನ್ನೋ ನಂಬಿಕೆ. ಸಾಕ್ಷಿ ಬರೆಯೋಕೆ ಕೌನ್ಸಿಲ್‌ನವರು ಬಿಲ್ಡರ್‌ಗೇ ಇಮೇಲ್ ಹಾಕಿ 'ಯಾವಾಗ ಶುರು ಮಾಡ್ತೀರಿ ಸ್ವಾಮಿ' ಅಂತ ಕೇಳ್ಬೇಕು.

ಸಿವಿಲ್‌ನವರಿಗೆ ಒಂದು ಪಕ್ಕದ ಮಾತು. ಪರ್ಮಿಷನ್ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ಕೆಲಸ ಶುರುವಾಗಿರಬೇಕು. ಶುರು ಅಂದ್ರೆ ಎಷ್ಟು? ಷರತ್ತುಗಳನ್ನೆಲ್ಲ ಪೂರೈಸಿ ಪಾಯಕ್ಕೆ ಒಂದು ಟ್ರೆಂಚ್ ತೋಡಿದರೂ ಕಾನೂನಿನ ಕಣ್ಣಿನಲ್ಲಿ ಶುರುವಾದ ಹಾಗೆ. ಒಂದು ಗುಂಡಿಯಿಂದ ಪರ್ಮಿಷನ್ ಜೀವಂತ!

ದೊಡ್ಡ ಸೈಟುಗಳ ವೇಗ ಇನ್ನೊಂದು ರಣರಂಗ. ಕೇಂಬ್ರಿಡ್ಜ್ ಪಕ್ಕದಲ್ಲಿ ನಾರ್ತ್‌ಸ್ಟೋವ್ ಅಂತ ಹೊಸ ಪಟ್ಟಣ ಏಳ್ತಿದೆ, ಹಳೆಯ ಮಿಲಿಟರಿ ಏರ್‌ಫೀಲ್ಡಿನ ಮೇಲೆ, ಹತ್ತು ಸಾವಿರ ಮನೆಯ ಯೋಜನೆ. ಅದರ ವಿವರವಾದ ಪ್ಲಾನ್ ಅಂಗೀಕಾರವಾದದ್ದು 2007ರಲ್ಲಿ. ಮೊದಲ ಕುಟುಂಬಗಳು ಮನೆಯೊಳಗೆ ಕಾಲಿಟ್ಟದ್ದು 2017ರಲ್ಲಿ. ಹತ್ತು ವರ್ಷ! ಎರಡು ಸಾವಿರಕ್ಕೂ ಹೆಚ್ಚು ಮನೆಯ ಸೈಟುಗಳಲ್ಲಿ ಮೊದಲ ಅರ್ಜಿಯಿಂದ ಮೊದಲ ಮನೆವರೆಗೆ ಸರಾಸರಿ 8.4 ವರ್ಷ ಹಿಡಿಯುತ್ತೆ, ಶುರುವಾದ ಮೇಲೆ ವರ್ಷಕ್ಕೆ ಸುಮಾರು 160 ಮನೆ ಏಳುತ್ತೆ ಅಂತ ಲಿಚ್‌ಫೀಲ್ಡ್ಸ್ ಅನ್ನೋ ಕನ್ಸಲ್ಟೆನ್ಸಿ 2020ರ ಅಧ್ಯಯನದಲ್ಲಿ ಲೆಕ್ಕ ಕೊಟ್ಟಿತ್ತು. ಕೌನ್ಸಿಲ್ ಒಂದು ದೊಡ್ಡ ಸೈಟಿಗೆ ಆಸೆಯ ಅಂಕಿ ಬರೆದರೆ ಎದುರಿನ ವಕೀಲರು ಈ ಸರಾಸರಿ ಹಿಡಿದು ಕೂರ್ತಾರೆ.

ಇಷ್ಟು ನಿಧಾನ ಯಾಕೆ? ಕಾಂಕ್ರೀಟು ಒಣಗೋಕೆ ಇಷ್ಟು ದಿನ ಬೇಡ. ಸರ್ಕಾರ ಆಲಿವರ್ ಲೆಟ್ವಿನ್ ಅವರಿಂದ ಇದರ ಬಗ್ಗೆ ಒಂದು ವರದಿ ಮಾಡಿಸಿತು, 2018ರಲ್ಲಿ. ಅದರ ಉತ್ತರ 'ಅಬ್ಸಾರ್ಪ್ಷನ್ ರೇಟ್'. ಆ ಊರಿನ ಮಾರುಕಟ್ಟೆ ಬೆಲೆ ಇಳಿಸದೆ ಎಷ್ಟು ಮನೆ ಮಾರಬಹುದೋ ಬಿಲ್ಡರ್ ಅಷ್ಟೇ ಕಟ್ಟುತ್ತಾನೆ. ಒಂದೇ ಸಲ ಐನೂರು ಮನೆ ಮಾರುಕಟ್ಟೆಗೆ ಬಿಟ್ಟರೆ ಬೆಲೆ ಬೀಳುತ್ತೆ, ಜಮೀನಿಗೆ ಕೊಟ್ಟ ದುಡ್ಡು ಹುಟ್ಟಲ್ಲ. ವ್ಯಾಪಾರದ ದೃಷ್ಟಿಯಲ್ಲಿ ತಪ್ಪಿಲ್ಲ. ಆದರೆ ಮೇಲೆ ಹೇಳಿದ ಫೀಡ್‌ಬ್ಯಾಕ್ ಲೂಪಿನ ಉದ್ದೇಶವೇ ಬೆಲೆ ಇಳಿಸೋದಲ್ವಾ? ಬೆಲೆ ಇಳಿಯಬಾರದು ಅನ್ನೋರ ಕೈಯಲ್ಲೇ ಇಳಿಸುವ ಕೆಲಸ ಕೊಟ್ಟಿದೆ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯ ದೊಡ್ಡ ಓರೆ ಇದೇ.

ಪಟ್ಟಿಗೆ ಸೇರುವ ಇನ್ನೆರಡು ಬಾಬತ್ತು ಬೇಗ ಹೇಳಿ ಮುಗಿಸ್ತೀನಿ. ಒಂದು ವಿಂಡ್‌ಫಾಲ್: ಯಾರ ಪಟ್ಟಿಯಲ್ಲೂ ಇಲ್ಲದೆ ತಾನಾಗಿ ಸಿಗೋ ಜಾಗ. ಹಳೆ ಆಫೀಸು ಫ್ಲ್ಯಾಟ್ ಆಗೋದು, ಹಿತ್ತಲಲ್ಲಿ ಇನ್ನೊಂದು ಮನೆ. ಹಿಂದಿನ ದಾಖಲೆ ತೋರಿಸಿ ವರ್ಷಕ್ಕಿಷ್ಟು ಅಂತ ಸೇರಿಸಬಹುದು. ಎಷ್ಟೋ ಕೌನ್ಸಿಲ್‌ಗಳು ಇದನ್ನು ನಾಲ್ಕನೇ ವರ್ಷದಿಂದ ಮಾತ್ರ ಸೇರಿಸ್ತಾರೆ, ಮೊದಲ ಮೂರು ವರ್ಷದ ಚಿಕ್ಕ ಸೈಟುಗಳು ಆಗಲೇ ಪರ್ಮಿಷನ್ ಪಟ್ಟಿಯಲ್ಲಿ ಇರ್ತವೆ ಅಂತ. ಇನ್ನೊಂದು ನಮಗೆ ಹತ್ತಿರದ್ದು, ಹಾಸ್ಟೆಲ್! ವಿದ್ಯಾರ್ಥಿಗಳಿಗೆ ಕಟ್ಟಿದ ಬ್ಲಾಕುಗಳೂ ಲೆಕ್ಕಕ್ಕೆ ಬರ್ತವೆ. ಹಾಸ್ಟೆಲ್ ಕಟ್ಟಿದರೆ ಊರೊಳಗೆ ಹುಡುಗರು ಹಂಚಿಕೊಂಡಿದ್ದ ಬಾಡಿಗೆ ಮನೆ ಖಾಲಿಯಾಗುತ್ತೆ ಅನ್ನೋ ತರ್ಕ. ಸರಿಸುಮಾರು ಎರಡೂವರೆ ರೂಮಿಗೆ ಒಂದು ಮನೆ. ಇಂಗ್ಲೆಂಡಿಗೆ ಎಂಎಸ್ ಮಾಡೋಕೆ ಹೋದ ನಮ್ಮ ಸೀನಿಯರ್ ಒಬ್ಬರಿಗೆ ಫೋನಿನಲ್ಲಿ ಇದನ್ನು ಹೇಳಿದೆ. 'ನಾನು 0.4 ಮನೆ ಅಂತಾಯ್ತು, ಬಾಡಿಗೆ ಮಾತ್ರ ಒಂದು ಮನೆಯಷ್ಟೇ ಕೊಡ್ತಿದೀನಿ' ಅಂದ್ರು.

ಈಗ ನಮ್ಮ ಕಾಲ್ಪನಿಕ ಊರಿನ ಮೊತ್ತ. ವಿವರವಾದ ಪರ್ಮಿಷನ್ ಇರೋ ಸೈಟುಗಳಲ್ಲಿ 1,900 ಮನೆ, ಚಿಕ್ಕ ಸೈಟುಗಳಲ್ಲಿ 350, ಔಟ್‌ಲೈನ್ ಮತ್ತು ಪ್ಲಾನ್ ಗುರುತಿನ ದೊಡ್ಡ ಸೈಟುಗಳಲ್ಲಿ 1,850, ವಿಂಡ್‌ಫಾಲ್ ಕೊನೆಯ ಎರಡು ವರ್ಷಕ್ಕೆ 120ರಂತೆ 240, ಐನೂರು ಹಾಸ್ಟೆಲ್ ರೂಮಿನಿಂದ 200. ಒಟ್ಟು 4,540. ವರ್ಷಕ್ಕೆ ಬೇಕಾದ 887ರಿಂದ ಭಾಗಿಸಿದರೆ 5.12 ವರ್ಷ. ಕೌನ್ಸಿಲ್ ನಿಟ್ಟುಸಿರು ಬಿಡುತ್ತೆ.

ಅಷ್ಟರಲ್ಲಿ ಒಬ್ಬ ಡೆವಲಪರ್ ಬರ್ತಾನೆ. ಊರಿನಾಚೆ ಅವನ ಹತ್ತಿರ ಒಂದು ಹೊಲ ಇದೆ, ಪ್ಲಾನಿನಲ್ಲಿ ಇಲ್ಲದ್ದು. ಕೌನ್ಸಿಲ್ ಪರ್ಮಿಷನ್ ನಿರಾಕರಿಸಿದೆ, ಅವನು ಅಪೀಲ್ ಹಾಕಿದಾನೆ. ಅಪೀಲ್ ಕೇಳೋದು ಪ್ಲಾನಿಂಗ್ ಇನ್ಸ್‌ಪೆಕ್ಟರೇಟ್ ಅನ್ನೋ ಕೇಂದ್ರ ಸಂಸ್ಥೆಯ ಇನ್ಸ್‌ಪೆಕ್ಟರ್. ಡೆವಲಪರ್ ಕಡೆಯ ವಕೀಲ ಸ್ಪ್ರೆಡ್‌ಶೀಟ್ ತೆಗೆದು ಒಂದೊಂದೇ ಸಾಲು ಓದ್ತಾನೆ. 'ಈ ದೊಡ್ಡ ಸೈಟಿನಿಂದ ಐದು ವರ್ಷದಲ್ಲಿ 450 ಮನೆ ಅಂದಿದೀರಿ. ಇನ್ನೂ ಔಟ್‌ಲೈನ್ ಹಂತ. ರಸ್ತೆ ಜಂಕ್ಷನ್ ಒಪ್ಪಂದ ಆಗಿಲ್ಲ. ನಾಲ್ಕನೇ ವರ್ಷ 60, ಐದನೇ ವರ್ಷ 140, ಅದಕ್ಕಿಂತ ಹೆಚ್ಚು ಆಗಲ್ಲ.' ಇನ್ಸ್‌ಪೆಕ್ಟರ್ ಒಪ್ಪಿದರೆ 250 ಮನೆ ಹೋಯ್ತು. 4,290ನ್ನು 887ರಿಂದ ಭಾಗಿಸಿದರೆ 4.84. ಶೇಕಡಾ 20 ಬಫರ್ ಇರೋ ಊರಾಗಿದ್ದರೆ ಸಾಲು ಓದೋ ಕೆಲಸವೂ ಬೇಡ: ಪೂರ್ತಿ 4,540 ಇಟ್ಟುಕೊಂಡರೂ 4.48.

4.84 ಬಂದರೆ ಏನಾಗುತ್ತೆ? ಇಲ್ಲಿಗೆ ಬಂತು ಹಲ್ಲಿನ ಕತೆ. ಐದಕ್ಕಿಂತ ಕಮ್ಮಿಯಾದ ಕ್ಷಣ, ಆ ಅರ್ಜಿಗೆ ಸಂಬಂಧಪಟ್ಟ ಮುಖ್ಯ ನೀತಿಗಳು ಹಳತಾದವು ಅಂತ ಲೆಕ್ಕ. ತಕ್ಕಡಿ ವಾಲುತ್ತೆ, ಅವರೂ ಇದಕ್ಕೆ 'ವಾಲಿದ ತಕ್ಕಡಿ' ಅಂತಲೇ ಅಂತಾರೆ. ಸಾಮಾನ್ಯವಾಗಿ ಪ್ಲಾನಿಗೆ ವಿರುದ್ಧವಾದ ಅರ್ಜಿ ತಿರಸ್ಕಾರವಾಗಬೇಕು. ತಕ್ಕಡಿ ವಾಲಿದ ಮೇಲೆ, ಆಗುವ ಹಾನಿ ಲಾಭಕ್ಕಿಂತ ಗಣನೀಯವಾಗಿ, ಎದ್ದು ಕಾಣುವಷ್ಟು ಹೆಚ್ಚಿದ್ದರೆ ಮಾತ್ರ ಬೇಡ ಅನ್ನಬಹುದು. ಇಲ್ಲದಿದ್ದರೆ ಪರ್ಮಿಷನ್ ಕೊಡಬೇಕು. ಪ್ರವಾಹದ ಅಪಾಯ ಇರೋ ಜಾಗ, ಪಾರಂಪರಿಕ ಕಟ್ಟಡ, ವನ್ಯಜೀವಿ ತಾಣ, ಗ್ರೀನ್ ಬೆಲ್ಟ್ ಮುಂತಾದವಕ್ಕೆ ಬೇರೆ ರಕ್ಷಣೆ ಇದೆ. ಆದರೂ 2024ರಿಂದ ಗ್ರೀನ್ ಬೆಲ್ಟ್‌ನೊಳಗೇ 'ಗ್ರೇ ಬೆಲ್ಟ್' ಅಂತ ಒಂದು ವರ್ಗ ಮಾಡಿದಾರೆ, ಅಲ್ಲೂ ಈ ಐದು ವರ್ಷದ ಕೊರತೆ ಬಾಗಿಲು ತೆಗೆಯುವ ಕೀಲಿಗಳಲ್ಲಿ ಒಂದು.

2017ರ ಮೇ ತಿಂಗಳಲ್ಲಿ ಸಫಕ್ ಕೋಸ್ಟಲ್ ಮತ್ತು ಚೆಷೈರ್ ಈಸ್ಟ್ ಕೌನ್ಸಿಲ್‌ಗಳ ಎರಡು ಕೇಸನ್ನು ಸುಪ್ರೀಂ ಕೋರ್ಟ್ ಒಟ್ಟಿಗೇ ತೀರ್ಮಾನಿಸಿತು. ಯಾವ ಯಾವ ನೀತಿ 'ವಸತಿ ಪೂರೈಕೆಯ ನೀತಿ' ಅನ್ನೋದರ ಬಗ್ಗೆ ಕೆಳಗಿನ ಕೋರ್ಟುಗಳಲ್ಲಿ ಕೂದಲು ಸೀಳಿದ್ದೇ ಸೀಳಿದ್ದು. ಕೊರತೆ ಇದ್ದರೆ ತಕ್ಕಡಿ ವಾಲುತ್ತೆ, ಅಷ್ಟಾದ ಮೇಲೆ ಯಾವ ನೀತಿಗೆ ಎಷ್ಟು ತೂಕ ಅನ್ನೋದು ನಿರ್ಧಾರ ಮಾಡುವವರ ವಿವೇಚನೆ, ಪದಗಳ ಪೋಸ್ಟ್‌ಮಾರ್ಟಂ ಬೇಡ ಅನ್ನೋದು ಕೋರ್ಟಿನ ಮಾತಿನ ಸಾರ.

ಇದರಲ್ಲಿ ಯಾರು ಸರಿ? ಸೆಮಿನಾರ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಇದೇ ಜಗಳ. ಹಳ್ಳಿಯವರ ಕಡೆಯಿಂದ ನೋಡಿದರೆ, ವರ್ಷಗಟ್ಟಲೆ ಸಭೆ ಸೇರಿ ಮಾಡಿದ ಪ್ಲಾನು ಯಾರೋ ಬಿಲ್ಡರ್ ನಿಧಾನ ಮಾಡಿದ ಕಾರಣಕ್ಕೆ ಮೂಲೆ ಸೇರುತ್ತೆ. ಶಾಲೆಯಲ್ಲಿ ಸೀಟಿಲ್ಲ, ಡಾಕ್ಟರ್ ಹತ್ತಿರ ಕ್ಯೂ, ಬಸ್ಸಿಲ್ಲ, ಇನ್ನೂರು ಮನೆ ಮಾತ್ರ ಬಂತು. ಆದರೆ ಈ ಹಲ್ಲು ಇಲ್ಲದಿದ್ದರೆ ಕೌನ್ಸಿಲ್‌ಗೆ ಮನೆ ಬೇಡ ಅನ್ನೋದೇ ಸುಲಭ. ವೋಟು ಹಾಕೋರು ಈಗ ಮನೆ ಇರೋರು. ಮನೆ ಬೇಕಾದ ಇಪ್ಪತ್ತೈದರ ಹುಡುಗಿ ಪಕ್ಕದೂರಿನಲ್ಲಿ ಅಪ್ಪ ಅಮ್ಮನ ಜೊತೆ ಇದಾಳೆ, ಅವಳ ವೋಟು ಇಲ್ಲಿಲ್ಲ. ನಾನು ಎರಡನೇ ಕಡೆಗೆ ಸ್ವಲ್ಪ ವಾಲ್ತೀನಿ. ನನ್ನ ರೂಮ್‌ಮೇಟ್ ಒಪ್ಪಲ್ಲ, ಅವನ ಊರಿನ ಕೆರೆ ಪಕ್ಕ ಲೇಔಟ್ ಆಗಿದೆ.

ವೇಲ್ಸ್‌ನವರು ಈ ಐದು ವರ್ಷದ ಲೆಕ್ಕವನ್ನೇ 2020ರಲ್ಲಿ ಕೈಬಿಟ್ಟರು. ಪ್ಲಾನಿನಲ್ಲಿ ಹೇಳಿದ ವೇಗಕ್ಕೂ ಕಟ್ಟಿದ ವೇಗಕ್ಕೂ ವ್ಯತ್ಯಾಸ ಎಷ್ಟು ಅಂತ ನೋಡಿ, ಪ್ಲಾನನ್ನೇ ತಿದ್ದೋದು ಅವರ ದಾರಿ. ಇಂಗ್ಲೆಂಡ್ ಕೂಡ ಡಿಸೆಂಬರ್ 2023ರಲ್ಲಿ ಅರ್ಧ ಹಿಂದೆ ಸರಿದಿತ್ತು: ಹೊಸ ಪ್ಲಾನ್ ಇರೋ ಕೌನ್ಸಿಲ್‌ಗಳು ಪ್ರತಿ ವರ್ಷ ಲೆಕ್ಕ ತೋರಿಸೋದು ಬೇಡ, ಶೇಕಡಾ 5 ಬಫರೂ ಬೇಡ ಅಂತ. ಸರ್ಕಾರ ಬದಲಾಯ್ತು. ಐದು ವರ್ಷದಲ್ಲಿ 15 ಲಕ್ಷ ಮನೆ ಅಂತ ಹೊಸಬರು ಮಾತು ಕೊಟ್ಟಿದ್ದರು, ಡಿಸೆಂಬರ್ 12, 2024ಕ್ಕೆ ಎಲ್ಲಾ ವಾಪಸ್.

ಪ್ರಶ್ನೋತ್ತರದಲ್ಲಿ ಮೇಡಂ ಒಂದೇ ಪ್ರಶ್ನೆ ಕೇಳಿದರು: ನಮ್ಮಲ್ಲಿ ಈ ಲೆಕ್ಕ ಯಾರು ಹಾಕ್ತಾರೆ? ನಮ್ಮ ಕಾಯ್ದೆಯ ಹೆಸರು ಅವರದ್ದೇ ಹೆಸರು, ಕರ್ನಾಟಕ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ, 1961. ಯೋಜನಾ ಪ್ರಾಧಿಕಾರ, ಸ್ಥಳೀಯ ಯೋಜನಾ ಪ್ರದೇಶ ಅನ್ನೋ ಪದಗಳೂ ಅದರಲ್ಲಿವೆ. ಆದರೆ ಅದು ಕೇಳೋದು ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೆ ಒಂದು ಸಲವಾದರೂ ಪರಿಷ್ಕರಿಸಿ ಅಂತ. ನಕ್ಷೆಯಲ್ಲಿ ಹಳದಿ ಬಳಿದ ಜಾಗದಲ್ಲಿ ಐದು ವರ್ಷದಲ್ಲಿ ಎಷ್ಟು ಮನೆ ನಿಜಕ್ಕೂ ಏಳುತ್ತೆ ಅಂತ ಪ್ರತಿ ಏಪ್ರಿಲ್‌ನಲ್ಲಿ ಸೈಟು ಸೈಟಿನ ಲೆಕ್ಕ ಕೊಡಿ ಅಂತ ಕೇಳೋದಿಲ್ಲ. ಬೆಂಗಳೂರಿನ 2015ನ್ನು ಗುರಿಯಾಗಿಟ್ಟ ಮಾಸ್ಟರ್ ಪ್ಲಾನ್ 2007ರಲ್ಲಿ ಬಂದದ್ದು. ನಾನು ಅಷ್ಟು ಹೇಳಿದೆ, ಮೇಡಂ ಕೈಗಡಿಯಾರ ನೋಡಿ ಮುಂದಿನ ರೋಲ್ ನಂಬರ್ ಕರೆದರು.

ಹೇಳೋಕೆ ಒಂದು ಸ್ಲೈಡ್ ಉಳಿದಿತ್ತು, ಅದು ಇಲ್ಲಿ. ಹಳೆಯ ನೀತಿಯ ಕಾಲದಲ್ಲಿ ಕಮ್ಮಿ ಸಂಖ್ಯೆ ಇಟ್ಟು ಪ್ಲಾನ್ ಪಾಸು ಮಾಡಿಸಿಕೊಂಡ ಕೌನ್ಸಿಲ್‌ಗಳಿಗೆ ಜುಲೈ 1, 2026 ಅನ್ನೋ ತಾರೀಕು ಕೊಟ್ಟಿದ್ದಾರೆ. ಅಲ್ಲಿಂದ ಮುಂದೆ, ಅವರ ಪ್ಲಾನಿನ ವಾರ್ಷಿಕ ಸಂಖ್ಯೆ ಹೊಸ ಸೂತ್ರದ ಸಂಖ್ಯೆಯ ಶೇಕಡಾ 80 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ, ಮನೆ ಕಟ್ಟಿದ ದಾಖಲೆ ಎಷ್ಟೇ ಚೆನ್ನಾಗಿದ್ದರೂ ಬಫರ್ ಶೇಕಡಾ 20. ಪ್ಲಾನಿನಲ್ಲಿ ವರ್ಷಕ್ಕೆ 600 ಇದ್ದು, ಹೊಸ ಸೂತ್ರ 845 ಅಂದರೆ, 71 ಪರ್ಸೆಂಟು. ಬಫರ್ ಐದರಿಂದ ಇಪ್ಪತ್ತಕ್ಕೆ ಹಾರುತ್ತೆ; ಹಿಂದಿನ ದಿನ 5.5 ವರ್ಷ ಇದ್ದದ್ದು ಮರುದಿನ ಬೆಳಗ್ಗೆ 4.81.